ಒಂಟಿ ಗ್ರಾಹಿ ಮೂಕ

ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡ ಇ. ಕೋಲಿ ಬ್ಯಾಕ್ಟೀರಿಯಾ ಆ ಸಕ್ಕರೆ ಇರುವ ಕಡೆಗೇ ಈಜಿಕೊಂಡು ಹೋಗುತ್ತದೆ. ಅಲ್ಲಿ ಅದಕ್ಕೆ ದಕ್ಕುವುದು ಏನೂ ಇಲ್ಲ, ಆದರೂ ಹೋಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೂಲಿಯಸ್ ಆಡ್ಲರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೂ ಒಂದು. ಇದರ ವಿರುದ್ಧ ದಿಕ್ಕಿನ ಸಾಕ್ಷ್ಯವನ್ನೂ ಅವರು ಇಟ್ಟರು: ಬ್ಯಾಕ್ಟೀರಿಯಾ ಚೆನ್ನಾಗಿಯೇ ಬಳಸಿಕೊಳ್ಳುವ ಕೆಲವು ಪದಾರ್ಥಗಳು ಅದನ್ನು ಕಿಂಚಿತ್ತೂ ಸೆಳೆಯುವುದಿಲ್ಲ. ಬ್ಯಾಕ್ಟೀರಿಯಾಗಳು ಆಹಾರದತ್ತ ನೆರೆಯುತ್ತವೆ ಎಂಬುದನ್ನು ಜರ್ಮನಿಯ ವಿಲ್‌ಹೆಲ್ಮ್ ಫೆಫರ್ ಕೂದಲೆಳೆಯಂಥ ಗಾಜಿನ ನಳಿಕೆಗಳನ್ನಿಟ್ಟು 1880ರ ದಶಕದಲ್ಲೇ ತೋರಿಸಿದ್ದರು. ಆದರೆ ಅವು ಲಾಭವನ್ನು ಅರಿತು ಹೋಗುತ್ತವೆಯೋ, ಪದಾರ್ಥವನ್ನು ಗುರುತಿಸಿ ಹೋಗುತ್ತವೆಯೋ ಎಂಬುದು ಇತ್ಯರ್ಥವಾಗಿರಲಿಲ್ಲ. ಆಡ್ಲರ್ ಅದನ್ನು ಇತ್ಯರ್ಥ ಮಾಡಿದರು. ಪದಾರ್ಥವನ್ನು ಪದಾರ್ಥವೆಂದೇ ಹಿಡಿದು ಗುರುತಿಸುವ ಪ್ರೋಟೀನುಗಳು, ಅಂದರೆ ರಿಸೆಪ್ಟರುಗಳು ಅಥವಾ ಗ್ರಾಹಿಗಳು, ಬ್ಯಾಕ್ಟೀರಿಯಾದಲ್ಲಿ ಇರಲೇಬೇಕು ಎಂಬುದು ಅವರ ತೀರ್ಮಾನ. ಅಲ್ಲಿಂದೀಚೆಗೆ ಐದು ದಶಕಗಳ ಕಾಲ ವಿಜ್ಞಾನಿಗಳು ಆ ಗ್ರಾಹಿಯ ಆಕಾರವನ್ನು ಪರಮಾಣು ಪರಮಾಣುವಾಗಿ ಬಿಡಿಸಿ ನೋಡುತ್ತ ಬಂದಿದ್ದಾರೆ. ಹಾಗೆ ನೋಡುತ್ತ ಹೋದಷ್ಟೂ ಒಂದು ಸಂಗತಿ ಬಲವಾಗುತ್ತ ಹೋಗಿದೆ. ಗ್ರಾಹಿ ಎಂಬ ಒಂದು ಅಣು ಒಂಟಿಯಾಗಿ ಏನನ್ನೋ ಹಿಡಿಯಬಲ್ಲದು, ಹಿಡಿದದ್ದನ್ನು ಹೇಳಲಾರದು. ಗ್ರಹಿಕೆ ಎಂಬುದು ಅಂಥ ಸಾವಿರಾರು ಅಣುಗಳು ನಿಂತಿರುವ ವ್ಯವಸ್ಥೆಯಲ್ಲಿದೆ. ಆ ವ್ಯವಸ್ಥೆಯ ನಕ್ಷೆ ಪ್ರತಿಯೊಂದು ಅಣುವಿನ ಆಕಾರದಲ್ಲೇ ಅಡಗಿದೆ. ಈ ಲೇಖನದ ವಾದ ಇಷ್ಟೇ.

ಮೊದಲು ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ನೋಡಬೇಕು. ಇ. ಕೋಲಿಯ ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು. ಇಷ್ಟು ಪುಟ್ಟ ಮೈಯ ಮುಂತುದಿಗೂ ಹಿಂತುದಿಗೂ ನಡುವೆ ಸಕ್ಕರೆಯ ಸಾಂದ್ರತೆಯಲ್ಲಿ ಇರುವ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಸುತ್ತಲಿನ ನೀರಿನ ಅಣುಗಳು ಎಡೆಬಿಡದೆ ಗುದ್ದುವುದರಿಂದ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಅದು ಹಿಡಿದ ದಿಕ್ಕು ತಾನಾಗಿಯೇ ತಪ್ಪಿಹೋಗುತ್ತದೆ. ನೆಟ್ಟಗೆ ಗುರಿಯಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. 1972ರಲ್ಲಿ ಹೊವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಈಜುವ ಒಂದೊಂದೇ ಬ್ಯಾಕ್ಟೀರಿಯಾವನ್ನು ಬೆನ್ನಟ್ಟಬಲ್ಲ ಸೂಕ್ಷ್ಮದರ್ಶಕದಿಂದ ಕಂಡದ್ದು ಹೀಗಿದೆ: ಅದು ಒಂದು ಸೆಕೆಂಡಿನಷ್ಟು ಹೊತ್ತು ನೇರ ಓಡುತ್ತದೆ, ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತು ತಡವರಿಸಿ ಮಗುಚುತ್ತದೆ, ಆಮೇಲೆ ಯಾವುದೋ ಹೊಸ ದಿಕ್ಕು ಹಿಡಿದು ಮತ್ತೆ ಓಡುತ್ತದೆ. ಹಿಡಿದ ದಿಕ್ಕು ಅನುಕೂಲವಾಗಿದ್ದರೆ ಓಟ ತುಸು ಉದ್ದವಾಗುತ್ತದೆ. ಅದರ ಜಾಣತನವೆಲ್ಲ ಇಷ್ಟರಲ್ಲೇ ಇದೆ. ಅದೇ ವರ್ಷ ರಾಬರ್ಟ್ ಮ್ಯಾಕ್‌ನ್ಯಾಬ್ ಮತ್ತು ಡೇನಿಯಲ್ ಕೋಶ್‌ಲ್ಯಾಂಡ್ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳಿದ್ದ ದ್ರವಕ್ಕೆ ಸೆರೀನ್ ಎಂಬ ಅಮೈನೋ ಆಮ್ಲವನ್ನು ಕ್ಷಣಾರ್ಧದಲ್ಲಿ ಬೆರೆಸಿದರು. ಬೆರೆತ ಮೇಲೆ ಎಲ್ಲ ಕಡೆಯೂ ಒಂದೇ ಸಾಂದ್ರತೆ. ಯಾವ ದಿಕ್ಕಿನಲ್ಲೂ ಹೆಚ್ಚು ಕಡಿಮೆ ಇಲ್ಲ. ಆದರೂ ಬ್ಯಾಕ್ಟೀರಿಯಾಗಳು ಮಗುಚುವುದನ್ನು ನಿಲ್ಲಿಸಿ ಒಂದಷ್ಟು ಹೊತ್ತು ನೇರ ಓಡಿದವು, ಬಳಿಕ ಹಳೆಯ ನಡಿಗೆಗೆ ಮರಳಿದವು. ಅಂದರೆ ಅವು ಹೋಲಿಸುವುದು ಇಲ್ಲಿಯದನ್ನು ಅಲ್ಲಿಯದರೊಂದಿಗೆ ಅಲ್ಲ, ಈಗಿನದನ್ನು ಆಗಿನದರೊಂದಿಗೆ. ಹಾಗಿದ್ದರೆ ಗ್ರಾಹಿಗೆ ಎರಡು ಹೊಣೆಗಳಿವೆ. ಏನು ಇದೆ ಎಂದು ತಿಳಿಯಬೇಕು, ಸ್ವಲ್ಪ ಹೊತ್ತಿನ ಹಿಂದೆ ಎಷ್ಟಿತ್ತು ಎಂಬುದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಬೇಕು.

ಈಗ ಗ್ರಾಹಿಯ ಮೈಯನ್ನು ಹೊರಗಿನಿಂದ ಒಳಕ್ಕೆ ನೋಡೋಣ. ಇ. ಕೋಲಿಯಲ್ಲಿ ಐದು ಬಗೆಯ ಗ್ರಾಹಿಗಳಿವೆ. ಸೆರೀನನ್ನು ಹಿಡಿಯುವುದು ಟಿಎಸ್ಆರ್, ಆಸ್ಪಾರ್ಟೇಟ್ ಹಾಗೂ ಮಾಲ್ಟೋಸನ್ನು ಗುರುತಿಸುವುದು ಟಾರ್. ಇವೆರಡರ ಸಂಖ್ಯೆ ಹೆಚ್ಚು. ರೈಬೋಸ್ ಮತ್ತು ಗ್ಯಾಲಕ್ಟೋಸಿಗೆ ಟಿಆರ್‌ಜಿ, ಎರಡು ಅಮೈನೋ ಆಮ್ಲಗಳ ಜೋಡಣೆಗಳಿಗೆ ಟ್ಯಾಪ್, ಆಮ್ಲಜನಕದ ಸುಳಿವಿಗೆ ಏರ್. ಟಾರ್ ಅಥವಾ ಟಿಎಸ್ಆರ್‌ನ ಒಂದು ಎಳೆಯಲ್ಲಿ ಸುಮಾರು 550 ಅಮೈನೋ ಆಮ್ಲಗಳಿವೆ. ಎರಡು ಎಳೆಗಳು ಸದಾ ಜೋಡಿಯಾಗಿಯೇ ಇರುತ್ತವೆ. ಜೋಡಿಯ ಒಟ್ಟು ಉದ್ದ ಸುಮಾರು 38 ನ್ಯಾನೋಮೀಟರ್. ದಪ್ಪ ಅದರ ಒಂದು ಸಣ್ಣ ಪಾಲು. ನೀಳವಾದ ಈ ದಂಡದ ಒಂದು ತುದಿ ಕೋಶದ ಒಳಪೊರೆಯನ್ನು ದಾಟಿ ಹೊರಚಾಚಿದೆ, ಆಹಾರದ ಅಣು ಬಂದು ಕೂರುವುದು ಅಲ್ಲಿ. ಅಲ್ಲಿಂದ ಎಳೆಗಳು ಸುರುಳಿಗಳಾಗಿ ಪೊರೆಯೊಳಗಿಂದ ಹಾದು ಕೋಶರಸಕ್ಕೆ ಇಳಿಯುತ್ತವೆ. ಇಳಿದ ಕೂಡಲೇ ಹ್ಯಾಂಪ್ ಎಂಬ ಗಿಡ್ಡ ಭಾಗ, ಅದರ ಕೆಳಗೆ ನಾಲ್ಕು ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡ ಸುಮಾರು 20 ನ್ಯಾನೋಮೀಟರ್ ಉದ್ದದ ಕಾಂಡ. ಕಾಂಡ ಕೊನೆಗೆ ಕೂದಲಿನ ಪಿನ್ನಿನಂತೆ ಬಾಗಿ ಹಿಂದಿರುಗುತ್ತದೆ. ಆ ಬಾಗಿದ ತುದಿಯಲ್ಲಿ ಚಿಎ ಎಂಬ ಕಿಣ್ವ ಮತ್ತು ಚಿಡಬ್ಲ್ಯು ಎಂಬ ಜೋಡಕ ಪ್ರೋಟೀನ್ ಹಿಡಿದುಕೊಂಡಿರುತ್ತವೆ. ಚಿಎ ಚುರುಕಾಗಿದ್ದರೆ ಚಿವೈ ಎಂಬ ಪುಟ್ಟ ಪ್ರೋಟೀನಿಗೆ ಫಾಸ್ಫೇಟ್ ದಾಟಿಸುತ್ತದೆ. ಫಾಸ್ಫೇಟ್ ಹೊತ್ತ ಚಿವೈ ತೇಲಿಹೋಗಿ, ಈಜಿಸುವ ಬಾಲದಂಥ ಕಶಾಂಗದ ಮೋಟಾರನ್ನು ಹಿಮ್ಮುಖ ತಿರುಗಿಸಿದರೆ ಬ್ಯಾಕ್ಟೀರಿಯಾ ಮಗುಚುತ್ತದೆ. ಹೊರಗೆ ಆಹಾರದ ಅಣು ಬಂದು ಕೂತರೆ ಚಿಎ ಸುಮ್ಮನಾಗುತ್ತದೆ, ಓಟ ಮುಂದುವರಿಯುತ್ತದೆ.

ಹೊರತುದಿಯಲ್ಲಿ ನಡೆಯುವುದೇನೆಂದು ಕಣ್ಣಿಗೆ ಕಂಡದ್ದು 1991ರಲ್ಲಿ. ಆಸ್ಪಾರ್ಟೇಟ್ ಗ್ರಾಹಿಯ ಹೊರಭಾಗವನ್ನು ಸ್ಫಟಿಕವಾಗಿಸಿ, ಎಕ್ಸ್-ಕಿರಣ ಹಾಯಿಸಿ, ಅದರ ರಚನೆಯನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಂಗ್-ಹೌ ಕಿಮ್ ಮತ್ತು ಕೋಶ್‌ಲ್ಯಾಂಡ್ ಅವರ ತಂಡಗಳು ಬಿಡಿಸಿದವು. ಆಸ್ಪಾರ್ಟೇಟ್ ಕೂರುವುದು ಒಂದು ಎಳೆಯ ಮಡಿಲಲ್ಲಲ್ಲ, ಎರಡು ಎಳೆಗಳ ನಡುವಿನ ಸಂದಿಯಲ್ಲಿ. ಇಲ್ಲೇ ಒಂದು ಸೂಚನೆ ಇತ್ತು. ಜೋಡಿಯಲ್ಲಿ ಅಂಥ ಎರಡು ಸಂದಿಗಳಿದ್ದರೂ ಒಂದು ತುಂಬಿದರೆ ಇನ್ನೊಂದು ಮುಚ್ಚಿದಂತೆಯೇ. ಒಂದು ಜೋಡಿಗೆ ಸಾಮಾನ್ಯವಾಗಿ ಒಂದೇ ಅಣು. ಆಮೇಲೆ ಆಗುವ ಬದಲಾವಣೆಯಾದರೂ ಎಷ್ಟು? 1996ರಲ್ಲಿ ಸ್ಟೀಫನ್ ಷರ್ವಿಟ್ಸ್ ಮತ್ತು ಜೋಸೆಫ್ ಫಾಲ್ಕ್ ಅಣು ಕೂತ ಮತ್ತು ಕೂರದ ರಚನೆಗಳನ್ನು ಒಂದರ ಮೇಲೊಂದಿಟ್ಟು ಅಳೆದರು. ಪೊರೆಯನ್ನು ದಾಟುವ ಸುರುಳಿಗಳಲ್ಲಿ ಒಂದು ಮಾತ್ರ ಪಿಸ್ಟನ್ನಿನ ಹಾಗೆ ಕೋಶದ ಒಳಕ್ಕೆ ಜಾರುತ್ತದೆ, ಅದೂ ಸುಮಾರು 1.6 ಆಂಗ್‌ಸ್ಟ್ರಾಮ್. ಒಂದು ಹೈಡ್ರೋಜನ್ ಪರಮಾಣುವಿನ ಅಗಲದ ಒಂದೂವರೆ ಪಟ್ಟು.

ಇಲ್ಲಿ ಯಾರಿಗಾದರೂ ಏಳುವ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಇಷ್ಟು ಸಣ್ಣ ಜಾರುವಿಕೆ ನೂರಾರು ಆಂಗ್‌ಸ್ಟ್ರಾಮ್ ಆಚೆಯ ತುದಿಗೆ ಹೇಗೆ ಮುಟ್ಟೀತು? ಪ್ರೋಟೀನ್ ಎಂಬುದು ಉಕ್ಕಿನ ಸರಳಲ್ಲ. ದೇಹೋಷ್ಣದಲ್ಲಿ ಅದರ ಪರಮಾಣುಗಳು ತಮ್ಮಷ್ಟಕ್ಕೆ ತಾವೇ ಅಷ್ಟೇ ದೂರ ಅತ್ತಿತ್ತ ಕಂಪಿಸುತ್ತಿರುತ್ತವೆ. ತಳ್ಳಿದ ತಳ್ಳಾಟ ಆ ಕಂಪನದಲ್ಲಿ ಕರಗಿಹೋಗಬೇಕಿತ್ತು. ದಂಡವನ್ನು ಮೇಲಿಂದ ತಳ್ಳಿದರೆ ಕೆಳಗೆ ಅಲುಗುತ್ತದೆ ಎಂಬ ಚಿತ್ರವನ್ನೇ ಹಿಡಿದುಕೊಂಡರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಕೆಳಗಿನ ಭಾಗ ಹಾಗೆ ಕೆಲಸ ಮಾಡುತ್ತಿಲ್ಲ. ಹ್ಯಾಂಪ್ ಭಾಗದ ರಚನೆ ಮೊದಲಿಗೆ ಗೊತ್ತಾದದ್ದು 2006ರಲ್ಲಿ, ಬಿಸಿನೀರಿನಲ್ಲಿ ಬದುಕುವ ಆರ್ಕಿಯೋಗ್ಲೋಬಸ್ ಎಂಬ ಜೀವಿಯ ಒಂದು ಪ್ರೋಟೀನಿನಿಂದ. ಅದೂ ನಾಲ್ಕು ಸುರುಳಿಗಳ ಕಟ್ಟು. ಆದರೆ ಸುರುಳಿಗಳು ಮಾಮೂಲಿಗಿಂತ ಬೇರೆಯದೇ ರೀತಿಯಲ್ಲಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಒಂದೇ ಕಟ್ಟಿಗೆ ಎರಡು ಬಗೆಯ ಹೊಂದಾಣಿಕೆ ಸಾಧ್ಯ, ಎರಡರ ನಡುವಿನ ಶಕ್ತಿಯ ಅಂತರ ಅಲ್ಪ ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಫಾಲ್ಕ್ ಅವರ ತಂಡವೂ ಯೂಟಾ ವಿಶ್ವವಿದ್ಯಾಲಯದ ಜಾನ್ ಪಾರ್ಕಿನ್ಸನ್ ಅವರ ತಂಡವೂ ಬೇರೆ ಬೇರೆ ದಾರಿಯಿಂದ ಬಂದು ಮುಟ್ಟಿದ ಚಿತ್ರ ಹೀಗಿದೆ: ಕಾಂಡದ ಒಂದು ಭಾಗ ಬಿಗಿಯಾದರೆ ಅದಕ್ಕೆ ಅಂಟಿಕೊಂಡ ಮುಂದಿನ ಭಾಗ ಸಡಿಲವಾಗುತ್ತದೆ, ಅದು ಸಡಿಲವಾದರೆ ಅದರ ಮುಂದಿನದು ಬಿಗಿಯಾಗುತ್ತದೆ. ಅಂದರೆ ಮೇಲಿನಿಂದ ಕೆಳಕ್ಕೆ ಸಾಗುವುದು ನೂಕಿದ ದೂರವಲ್ಲ, ಸಮತೋಲ. ಎರಡು ಸ್ಥಿತಿಗಳ ನಡುವೆ ಮೊದಲೇ ತೂಗಾಡುತ್ತಿರುವ ಅಣುವನ್ನು ಒಂದು ಕಡೆಗೆ ವಾಲಿಸಲು ದೊಡ್ಡ ನೂಕು ಬೇಕಿಲ್ಲ. ಇದಕ್ಕೆ ಒಂದು ಸೊಗಸಾದ ಪುರಾವೆ ರಚನೆಗಳೆಲ್ಲ ಗೊತ್ತಾಗುವ ಮೊದಲೇ ಸಿಕ್ಕಿತ್ತು. 1989ರಲ್ಲಿ ಮಸಯೋರಿ ಇನೌಯೆ ಅವರ ತಂಡ ಆಸ್ಪಾರ್ಟೇಟ್ ಗ್ರಾಹಿಯ ಮೇಲುಭಾಗವನ್ನು ಕತ್ತರಿಸಿ, ಈಜಿಗೂ ಆಹಾರಕ್ಕೂ ಸಂಬಂಧವೇ ಇಲ್ಲದ, ಸುತ್ತಲಿನ ಉಪ್ಪಿನಂಶಕ್ಕೆ ಸ್ಪಂದಿಸುವ ಇನ್ನೊಂದು ಪ್ರೋಟೀನಿನ ಕೆಳಭಾಗಕ್ಕೆ ಕಸಿ ಮಾಡಿತು. ಆ ಕಸಿ ಪ್ರೋಟೀನ್ ಇದ್ದ ಬ್ಯಾಕ್ಟೀರಿಯಾ ಆಸ್ಪಾರ್ಟೇಟ್ ಕೊಟ್ಟಾಗ ಉಪ್ಪಿಗೆ ಸಂಬಂಧಿಸಿದ ಜೀನನ್ನು ಚಾಲೂ ಮಾಡಿತು. ಎರಡೂ ಪ್ರೋಟೀನುಗಳು ಪೊರೆಯಾಚೆಗಿನ ಸುದ್ದಿಯನ್ನು ಒಂದೇ ತೆರನ ಸಣ್ಣ ಅಲುಗಾಟದಲ್ಲಿ ಪಡೆಯದಿದ್ದರೆ ಈ ಕಸಿ ಫಲಿಸುತ್ತಿರಲಿಲ್ಲ.

ಇನ್ನು ಬರೆದಿಟ್ಟುಕೊಳ್ಳುವ ಹೊಣೆ. ಇದು ರಚನೆಯ ಅತ್ಯಂತ ಚೆಲುವಾದ ಭಾಗ ಎಂದು ನನಗೆ ತೋರುತ್ತದೆ. ಹ್ಯಾಂಪ್‌ಗೂ ಬಾಗಿದ ತುದಿಗೂ ನಡುವಿನ ಕಾಂಡದ ಮೇಲೆ, ಪ್ರತಿ ಎಳೆಯಲ್ಲಿ, ನಾಲ್ಕು ಮುಖ್ಯ ಜಾಗಗಳಿವೆ. ಅಲ್ಲಿರುವ ಗ್ಲುಟಮೇಟ್ ಎಂಬ ಅಮೈನೋ ಆಮ್ಲಕ್ಕೆ ಋಣವಿದ್ಯುತ್ತು ಇದೆ. ಚಿಆರ್ ಎಂಬ ಕಿಣ್ವ ನಿಧಾನವಾಗಿ ಅಲ್ಲಿಗೆ ಮೀಥೈಲ್ ಗುಂಪುಗಳನ್ನು ಅಂಟಿಸುತ್ತದೆ, ಚಿಬಿ ಎಂಬ ಇನ್ನೊಂದು ಕಿತ್ತುಹಾಕುತ್ತದೆ. ಮೀಥೈಲ್ ಅಂಟಿದರೆ ಋಣವಿದ್ಯುತ್ತು ಅಳಿಯುತ್ತದೆ. ಒಂದನ್ನೊಂದು ದೂಡುತ್ತಿದ್ದ ಸುರುಳಿಗಳು ಹತ್ತಿರ ಸರಿದು ಆ ಭಾಗ ಬಿಗಿಯಾಗುತ್ತದೆ, ಚಿಎ ಮತ್ತೆ ಚುರುಕಾಗುತ್ತದೆ. ಆಹಾರದ ಅಣು ಬಂದು ವಾಲಿಸಿದ ಸಮತೋಲವನ್ನು ಮೀಥೈಲ್ ಗುಂಪು ಎದುರುಗಡೆಯಿಂದ ತಂದು ಸರಿಮಾಡುತ್ತದೆ. ಅಣು ಕೂರುವುದು ಕ್ಷಣದಲ್ಲಿ, ಮೀಥೈಲ್ ಅಂಟುವುದು ಸಾವಕಾಶವಾಗಿ. ಈ ಅಂತರದಿಂದಾಗಿ ಕಾಂಡದ ಮೇಲೆ ಎಷ್ಟು ಮೀಥೈಲ್ ಇದೆ ಎಂಬುದು ತುಸು ಹಿಂದೆ ಹೊರಗೆ ಎಷ್ಟು ಆಹಾರವಿತ್ತು ಎಂಬುದರ ದಾಖಲೆಯಾಗುತ್ತದೆ. ಹಿಂದಿನದೂ ಈಗಿನದೂ ಒಂದೇ ದಂಡದ ಎರಡು ಎತ್ತರಗಳಲ್ಲಿ ಕೂತು, ತುದಿಯಲ್ಲಿ ಅವುಗಳ ವ್ಯತ್ಯಾಸ ಮಾತ್ರ ಹೊರಬೀಳುತ್ತದೆ. 1986ರಲ್ಲಿ ಜೆಫ್ರಿ ಸೀಗಲ್, ಸ್ಟೀವನ್ ಬ್ಲಾಕ್ ಮತ್ತು ಬರ್ಗ್ ಅಳೆದಾಗ ಬ್ಯಾಕ್ಟೀರಿಯಾ ಕಳೆದ ಒಂದು ಸೆಕೆಂಡನ್ನು ಅದರ ಹಿಂದಿನ ಸುಮಾರು ಮೂರು ಸೆಕೆಂಡುಗಳೊಂದಿಗೆ ಹೋಲಿಸುತ್ತದೆ ಎಂದು ಕಂಡಿತು. ಒಂದು ಸಣ್ಣ ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು: ಟಾರ್ ಹುಟ್ಟುವಾಗಲೇ ನಾಲ್ಕು ಜಾಗಗಳಲ್ಲಿ ಎರಡರಲ್ಲಿ ಗ್ಲುಟಮೇಟ್ ಬದಲು ಗ್ಲುಟಮೀನ್ ಇರುತ್ತದೆ. ಗ್ಲುಟಮೀನಿಗೆ ವಿದ್ಯುತ್ತಿಲ್ಲ, ಆದ್ದರಿಂದ ಅದು ಮೀಥೈಲ್ ಅಂಟಿದ ಗ್ಲುಟಮೇಟಿನಂತೆಯೇ ವರ್ತಿಸುತ್ತದೆ. ಚಿಬಿ ಆಮೇಲೆ ಅದನ್ನು ಗ್ಲುಟಮೇಟಿಗೆ ಬದಲಿಸುತ್ತದೆ. ಹೊಸ ಗ್ರಾಹಿ ಎರಡು ತುದಿಗೂ ಸೇರದೆ ನಟ್ಟನಡುವಿನ ಹದದಲ್ಲಿ ಕೆಲಸಕ್ಕೆ ಬರುತ್ತದೆ.

ಇಲ್ಲಿಯವರೆಗಿನ ಕಥೆ ಒಂದು ಜೋಡಿ ಎಳೆಗಳದ್ದು. ಹೊರಗೆ ಹಿಡಿತ, ನಡುವೆ ದಾಖಲೆ, ಕೆಳಗೆ ಆಜ್ಞೆ. ಒಂದೇ ಅಣುವಿನಲ್ಲಿ ಎಲ್ಲವೂ ಮುಗಿದಂತೆ ಕಾಣುತ್ತದೆ. ಲೆಕ್ಕ ಹಾಕಿದಾಗ ಮಾತ್ರ ತಾಳೆಯಾಗುವುದಿಲ್ಲ. ಆಸ್ಪಾರ್ಟೇಟನ್ನು ಟಾರ್ ಹಿಡಿಯುವ ಬಿಗಿ ಮೈಕ್ರೋಮೋಲಾರ್ ಮಟ್ಟದ್ದು. ಬ್ಯಾಕ್ಟೀರಿಯಾ ಸ್ಪಂದಿಸುವುದಾದರೋ ಅದರ ನೂರರಲ್ಲಿ ಒಂದು ಪಾಲಿನಂಥ, ಕೆಲವೇ ನ್ಯಾನೋಮೋಲಾರ್ ಬದಲಾವಣೆಗೆ. ಹತ್ತು ನ್ಯಾನೋಮೋಲಾರ್ ಎಂದರೆ ಒಂದು ಘನ ಮೈಕ್ರೋಮೀಟರ್ ನೀರಿನಲ್ಲಿ, ಹೆಚ್ಚುಕಡಿಮೆ ಬ್ಯಾಕ್ಟೀರಿಯಾದಷ್ಟೇ ಜಾಗದಲ್ಲಿ, ಆರು ಅಣುಗಳು. ಇದರ ಜೊತೆಗೆ, ಬ್ಯಾಕ್ಟೀರಿಯಾ ಕೆಲಸ ಮಾಡುವ ವ್ಯಾಪ್ತಿಯೂ ವಿಶಾಲವಾದದ್ದು. ಅತ್ಯಲ್ಪ ಸಾಂದ್ರತೆಯಿಂದ ಅದರ ಸಾವಿರಾರು ಪಟ್ಟಿನವರೆಗೂ ಅದು ಏರಿಕೆಯನ್ನು ಗುರುತಿಸುತ್ತದೆ. 1973ರಲ್ಲಿ ಆಡ್ಲರ್ ಅವರ ತಂಡವೇ ತೋರಿಸಿದಂತೆ ಅದಕ್ಕೆ ಮುಖ್ಯವಾಗುವುದು ಹೆಚ್ಚಳದ ಮೊತ್ತವಲ್ಲ, ಇದ್ದುದಕ್ಕೆ ಹೋಲಿಸಿದ ಪ್ರಮಾಣ. ಕತ್ತಲೆ ಕೋಣೆಯಲ್ಲಿ ಹಚ್ಚಿದ ಹಣತೆ ಕಣ್ಣಿಗೆ ಹೊಡೆಯುತ್ತದೆ, ಮಟಮಟ ಮಧ್ಯಾಹ್ನ ಅದೇ ಹಣತೆ ಉರಿಯುತ್ತಿರುವುದೂ ತಿಳಿಯುವುದಿಲ್ಲ ಎಂಬ ಅದೇ ನಿಯಮ. ಮೀಥೈಲ್ ದಾಖಲೆ ವ್ಯಾಪ್ತಿಯನ್ನು ವಿವರಿಸೀತು, ಸೂಕ್ಷ್ಮತೆಯನ್ನು ವಿವರಿಸದು. 2002ರಲ್ಲಿ ವಿಕ್ಟರ್ ಸೌರ್ಜಿಕ್ ಮತ್ತು ಬರ್ಗ್ ಜೀವಂತ ಬ್ಯಾಕ್ಟೀರಿಯಾದೊಳಗೆ ಎರಡು ಹೊಳೆಯುವ ಪ್ರೋಟೀನುಗಳ ಒಡನಾಟದಿಂದ ಚಿಎಯ ಚುರುಕನ್ನು ನೇರವಾಗಿ ಅಳೆದರು. ಗ್ರಾಹಿಗಳಲ್ಲಿ ಹೊಸದಾಗಿ ತುಂಬಿದ ಪಾಲಿಗೆ ಹೋಲಿಸಿದರೆ ಚಿಎಯ ಚುರುಕಿನಲ್ಲಿ ಆದ ಬದಲಾವಣೆ ಸುಮಾರು 35 ಪಟ್ಟು ಇತ್ತು. ಕಶಾಂಗದ ಮೋಟಾರ್ ತಾನೇ ಬಹಳ ಸೂಕ್ಷ್ಮ, ಹಿಗ್ಗಿಸುವ ಕೆಲಸ ಅಲ್ಲಿ ನಡೆದಿರಬಹುದು ಎಂದು ಹೇಳುವವರಿದ್ದರು. ಮೋಟಾರ್ ಸೂಕ್ಷ್ಮವೆಂಬುದು ನಿಜವೇ. 2000ದಲ್ಲಿ ಫಿಲಿಪ್ ಕ್ಲೂಜೆಲ್ ಮತ್ತು ಸಂಗಡಿಗರು ಅದನ್ನು ಅಳೆದೂ ಇದ್ದರು. ಆದರೆ ಸೌರ್ಜಿಕ್ ಮತ್ತು ಬರ್ಗ್ ಅಳೆದದ್ದು ಮೋಟಾರಿಗೆ ಸುದ್ದಿ ಮುಟ್ಟುವ ಮುಂಚಿನದು. ಮೂವತ್ತೈದು ಪಟ್ಟು ಹಿಗ್ಗಿದ್ದು ಗ್ರಾಹಿಗೂ ಚಿಎಗೂ ನಡುವೆಯೇ. ಒಂದು ಗ್ರಾಹಿ ತನ್ನ ಅಡಿಯ ಒಂದು ಕಿಣ್ವವನ್ನು ಮಾತ್ರ ಆಳುತ್ತದೆ ಎಂಬ ಚಿತ್ರದಲ್ಲಿ ಇದಕ್ಕೆ ಎಡೆಯೇ ಇಲ್ಲ.

ಎಡೆ ಎಲ್ಲಿದೆ ಎಂಬುದರ ಸುಳಿವು ಆ ಹೊತ್ತಿಗೆ ಬೇರೆ ಬೇರೆ ಕಡೆ ಚದುರಿ ಬಿದ್ದಿತ್ತು. 1993ರಲ್ಲಿ ಜನೀನ್ ಮ್ಯಾಡಾಕ್ ಮತ್ತು ಲೂಸಿ ಶಪಿರೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇ. ಕೋಲಿಯ ಗ್ರಾಹಿಗಳು ಮೈತುಂಬ ಹರಡಿಕೊಂಡಿರದೆ ಕೋಶದ ತುದಿಗಳಲ್ಲಿ ಗುಂಪುಗಟ್ಟಿದ್ದವು. ಇದು ಮೊದಲಿಗೆ ವಿಚಿತ್ರವಾಗಿ ಕಂಡಿತು. ಯಾಕೆಂದರೆ 1977ರಲ್ಲಿ ಬರ್ಗ್ ಮತ್ತು ಎಡ್ವರ್ಡ್ ಪರ್ಸೆಲ್ ಹಾಕಿದ ಭೌತಶಾಸ್ತ್ರದ ಲೆಕ್ಕದಂತೆ, ಅಣುಗಳನ್ನು ಹಿಡಿಯುವುದಷ್ಟೇ ಗುರಿಯಾದರೆ ಗ್ರಾಹಿಗಳು ಮೈಮೇಲೆಲ್ಲ ಒಂದರಿಂದೊಂದು ದೂರ ಹರಡಿರುವುದೇ ಮೇಲು; ಗುಂಪುಗಟ್ಟಿದರೆ ಒಂದರ ಪಾಲನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ಈ ನಷ್ಟವನ್ನು ಸಹಿಸಿಕೊಂಡೂ ಗುಂಪಾಗಿವೆಯೆಂದರೆ ಅದರಿಂದ ಬೇರೇನೋ ಲಾಭ ಇರಬೇಕು. 1998ರಲ್ಲಿ ಡೆನಿಸ್ ಬ್ರೇ ಮತ್ತು ಸಂಗಡಿಗರು ಆ ಲಾಭವನ್ನು ಊಹಿಸಿದರು: ಪಕ್ಕಪಕ್ಕದ ಗ್ರಾಹಿಗಳು ಒಂದರ ಸ್ಥಿತಿಯನ್ನು ಇನ್ನೊಂದಕ್ಕೆ ಹಬ್ಬಿಸಿದರೆ ಒಂದು ಅಣುವಿನ ಸ್ಪರ್ಶ ಅನೇಕ ಕಿಣ್ವಗಳನ್ನು ಸುಮ್ಮನಾಗಿಸಬಲ್ಲದು. ಮರುವರ್ಷ ಬಂದ ರಚನೆ ಈ ಊಹೆಗೆ ಮೈಕೊಟ್ಟಿತು. ಸಂಗ್-ಹೌ ಕಿಮ್ ತಂಡ ಸೆರೀನ್ ಗ್ರಾಹಿಯ ಒಳಕಾಂಡವನ್ನು ಸ್ಫಟಿಕದಲ್ಲಿ ಕಂಡಾಗ ಮೂರು ಜೋಡಿಗಳು ತಮ್ಮ ಬಾಗಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಒಟ್ಟಾಗಿ ನಿಂತಿದ್ದವು. ಸ್ಫಟಿಕದಲ್ಲಿ ಕಂಡದ್ದೆಲ್ಲ ಜೀವದಲ್ಲಿಯೂ ಇರಬೇಕೆಂದಿಲ್ಲ, ಈ ಅನುಮಾನ ಆಗಲೇ ಎದ್ದಿತ್ತು. ಅದಕ್ಕೆ 2002ರಲ್ಲಿ ಪಾರ್ಕಿನ್ಸನ್ ತಂಡ ಜೀವಕೋಶದೊಳಗೇ ಉತ್ತರ ಹುಡುಕಿತು. ತುದಿಗಳು ಸಂಧಿಸುವ ಜಾಗದ ಅಮೈನೋ ಆಮ್ಲಗಳನ್ನು ಬದಲಿಸಿದರೆ ಕೆಲಸ ಕೆಡುತ್ತದೆ. ಒಂದಕ್ಕೊಂದು ಬೆಸೆಯುವ ರಾಸಾಯನಿಕ ಕೊಟ್ಟರೆ ಟಿಎಸ್ಆರ್ ಮತ್ತು ಟಾರ್ ಒಂದೇ ಮೂವರ ತಂಡದಲ್ಲಿ ಬೆರೆತು ಸಿಗುತ್ತವೆ. ಸೆರೀನಿನದೂ ಆಸ್ಪಾರ್ಟೇಟಿನದೂ ಬೇರೆ ಬೇರೆ ಇಲಾಖೆಗಳಲ್ಲ. ಅದೇ ವರ್ಷ ಜೇಸನ್ ಗೆಸ್ಟ್‌ವಿಕಿ ಮತ್ತು ಲಾರಾ ಕೀಸ್ಲಿಂಗ್ ಗ್ಯಾಲಕ್ಟೋಸ್ ಅಣುಗಳನ್ನು ಪೋಣಿಸಿದ ಉದ್ದನೆಯ ಸರಗಳನ್ನು ಕೊಟ್ಟು ಟಿಆರ್‌ಜಿ ಗ್ರಾಹಿಗಳನ್ನು ಒಟ್ಟುಗೂಡಿಸಿದರು. ಬ್ಯಾಕ್ಟೀರಿಯಾ ಆಮೇಲೆ ಸೆರೀನಿಗೂ ಮೊದಲಿಗಿಂತ ಹೆಚ್ಚು ಚುರುಕಾಗಿ ಸ್ಪಂದಿಸಿತು. ಗ್ಯಾಲಕ್ಟೋಸ್ ಹಿಡಿಯುವ ಗ್ರಾಹಿಯನ್ನು ಮುಟ್ಟಿದರೆ ಸೆರೀನ್ ಗ್ರಾಹಿ ಬದಲಾಗುವುದು ಎರಡೂ ಒಂದೇ ಹೆಣಿಗೆಯಲ್ಲಿ ಇದ್ದರೆ ಮಾತ್ರ.

ಹೆಣಿಗೆಯನ್ನೇ ನೋಡಲು ಸಾಧ್ಯವಾದದ್ದು ಕೋಶವನ್ನು ಕಣ್ಮುಚ್ಚಿ ತೆರೆಯುವುದರೊಳಗೆ ಹೆಪ್ಪುಗಟ್ಟಿಸಿ, ಎಲ್ಲ ಕೋನಗಳಿಂದ ಎಲೆಕ್ಟ್ರಾನ್ ಚಿತ್ರ ತೆಗೆದು, ಮೂರು ಆಯಾಮದ ರೂಪ ಕಟ್ಟುವ ತಂತ್ರ ಬಂದ ಮೇಲೆ. 2009ರಲ್ಲಿ ಕ್ಯಾಲ್‌ಟೆಕ್‌ನ ಗ್ರಾಂಟ್ ಜೆನ್ಸನ್ ಪ್ರಯೋಗಾಲಯದ ಆರಿಯಾನೆ ಬ್ರೀಗೆಲ್ ಮತ್ತು ಸಂಗಡಿಗರು ಪರಸ್ಪರ ದೂರದ ನೆಂಟಸ್ತಿಕೆಯ ಹಲವು ಬ್ಯಾಕ್ಟೀರಿಯಾಗಳನ್ನು ನೋಡಿದರು. ಎಲ್ಲದರಲ್ಲೂ ಒಂದೇ ವಿನ್ಯಾಸ: ಷಟ್ಕೋನಗಳ ಜಾಲರಿ, ಒಂದು ಷಟ್ಕೋನದ ನಡುವಿನಿಂದ ಇನ್ನೊಂದರ ನಡುವಿಗೆ 12 ನ್ಯಾನೋಮೀಟರ್. 2012ರಲ್ಲಿ ಅವರ ಗುಂಪೂ ಟೆಕ್ಸಾಸಿನ ಜುನ್ ಲಿಯು ಗುಂಪೂ ಇದರ ಒಳವಿವರ ಬಿಡಿಸಿದವು. ಷಟ್ಕೋನದ ಆರು ಮೂಲೆಗಳಲ್ಲಿ ಮೂರು ಜೋಡಿಗಳ ಒಂದೊಂದು ತಂಡ. ಕೆಳಗಿನ ತುದಿಗಳ ಮಟ್ಟದಲ್ಲಿ ಚಿಎಯ ಒಂದು ಭಾಗವೂ ಚಿಡಬ್ಲ್ಯುವೂ ಸರದಿಯಂತೆ ಕೂತ ಉಂಗುರಗಳು ಆ ತಂಡಗಳನ್ನು ಪರಸ್ಪರ ಬೆಸೆಯುತ್ತವೆ. ಎರಡು ತಂಡಗಳು, ಒಂದು ಜೋಡಿ ಚಿಎ, ಎರಡು ಚಿಡಬ್ಲ್ಯು ಸೇರಿದರೆ ಜಾಲರಿಯ ಒಂದು ಘಟಕ. ಗ್ರಾಹಿ ಇಷ್ಟು ನೀಳವಾಗಿ ಯಾಕಿದೆ, ತುದಿ ಯಾಕೆ ಹಾಗೆ ಬಾಗಿದೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಅರ್ಥ ಬರುತ್ತದೆ. ಹೊರತುದಿಯಲ್ಲಿ ಪ್ರತಿ ಗ್ರಾಹಿ ತನ್ನದೇ ಅಣುವಿಗಾಗಿ ಬೇರೆಯೇ ಆಕಾರ ತಾಳಬಹುದು. ಒಳತುದಿಯಲ್ಲಿ ಎಲ್ಲವೂ ಒಂದೇ ಆಕಾರದಲ್ಲಿ ಒಂದೇ ಹೆಣಿಗೆಗೆ ಕೂರಬೇಕು. ಈ ಎರಡು ಬೇಡಿಕೆಗಳನ್ನು ದೂರವಿಡಲು ಉದ್ದ ಬೇಕು.

ಇಷ್ಟಾದರೂ ಸಂದೇಹವಾದಿಗಳಿಗೆ ಮಾತು ಉಳಿದಿದೆ. ಒಂಟಿ ಜೋಡಿಯನ್ನು ಮೂಕ ಎನ್ನುವುದು ಅತಿಯಾಯಿತು, ಅದು ಆಹಾರದ ಅಣುವನ್ನು ಹಿಡಿಯುತ್ತದಲ್ಲ, ಮೀಥೈಲನ್ನೂ ಹೊರುತ್ತದಲ್ಲ ಎಂದು ಅವರು ಕೇಳಬಹುದು. ಇದಕ್ಕೆ ನೇರ ಉತ್ತರ ಕೊಟ್ಟವರು ಮಿಸ್ಸೌರಿ ವಿಶ್ವವಿದ್ಯಾಲಯದ ಜೆರಾಲ್ಡ್ ಹೇಜಲ್‌ಬಾವರ್ ತಂಡ, 2006ರಲ್ಲಿ. ಅವರು ಗ್ರಾಹಿಗಳನ್ನು ಪೊರೆಯ ಪುಟ್ಟ ಪುಟ್ಟ ಬಿಲ್ಲೆಗಳಲ್ಲಿ ಕೂರಿಸಿದರು. ಒಂದೊಂದು ಬಿಲ್ಲೆಯಲ್ಲಿ ಎಷ್ಟು ಜೋಡಿ ಎಂಬುದನ್ನು ಹತೋಟಿಯಲ್ಲಿಡಬಹುದಿತ್ತು. ಒಂದೇ ಜೋಡಿ ಇದ್ದ ಬಿಲ್ಲೆ ಅಣುವನ್ನು ಹಿಡಿಯಿತು, ಮೀಥೈಲ್ ಕೂಡ ಪಡೆಯಿತು. ಚಿಎಯನ್ನು ಚುರುಕುಗೊಳಿಸಲು ಮಾತ್ರ ಅದರಿಂದಾಗಲಿಲ್ಲ. ಬಿಲ್ಲೆಗೆ ಮೂರು ಜೋಡಿಯ ಆಸುಪಾಸು ಬಂದಾಗ ಚಿಎ ಚುರುಕಾಯಿತು. ಹಾಗಾಗಿ ಸಂದೇಹವಾದಿಗಳು ಹೇಳುವುದು ಸರಿ, ಒಂಟಿ ಜೋಡಿ ಕುರುಡಲ್ಲ. ಅದಕ್ಕೆ ಬಾಯಿ ಇಲ್ಲ ಅಷ್ಟೇ. ಇದೇ ತಂಡ ಇನ್ನೊಂದು ಸಂಗತಿಯನ್ನೂ ತೋರಿಸಿದೆ. ಟಿಎಸ್ಆರ್ ಮತ್ತು ಟಾರ್‌ಗಳ ಬಾಲದ ಕೊನೆಯಲ್ಲಿ ಐದು ಅಮೈನೋ ಆಮ್ಲಗಳ ಒಂದು ಕೊಕ್ಕೆ ಇದೆ, ಮೀಥೈಲ್ ಅಂಟಿಸುವ ಚಿಆರ್ ಬಂದು ಹಿಡಿಯುವುದು ಅದನ್ನೇ. ಸಂಖ್ಯೆ ಕಡಿಮೆ ಇರುವ ಟಿಆರ್‌ಜಿ ಮತ್ತು ಟ್ಯಾಪ್‌ಗೆ ಆ ಕೊಕ್ಕೆಯಿಲ್ಲ. ಪಕ್ಕದ ಗ್ರಾಹಿಗೆ ಕಚ್ಚಿಕೊಂಡ ಚಿಆರ್ ಕೈಚಾಚಿ ಸುತ್ತಲಿನ ಐದರಿಂದ ಏಳು ಜೋಡಿಗಳಿಗೆ ಮೀಥೈಲ್ ಅಂಟಿಸುತ್ತದೆ; ಟಿಆರ್‌ಜಿ ಬಾಳುವುದು ಈ ನೆರೆಹೊರೆಯ ನೆರವಿನಲ್ಲಿ. ದಾಖಲೆ ಇಡುವುದೂ ಒಂಟಿ ಅಣುವಿನ ಸ್ವಂತ ವ್ಯವಹಾರವಾಗಿ ಉಳಿಯಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಎರಡು ತಂಡಗಳ ಒಂದು ಘಟಕ ಸಾಕು ಎಂದಾದರೆ ಅಷ್ಟೊಂದು ಘಟಕಗಳ ಜಾಲರಿ ಯಾಕೆ? ಜಾಲರಿ ಕೇವಲ ಒತ್ತಾಗಿ ಕೂತುದರ ಪರಿಣಾಮವಾಗಿರಬಹುದು, ಅದಕ್ಕೊಂದು ಕೆಲಸವಿದೆ ಎಂದು ಯಾಕೆ ನಂಬಬೇಕು? 2011ರಲ್ಲಿ ಹೇಜಲ್‌ಬಾವರ್ ತಂಡವೇ ಒಂದು ಘಟಕ ಮಾತ್ರ ಇದ್ದರೂ ಚಿಎ ಪೂರ್ತಿ ಚುರುಕಾಗುತ್ತದೆ, ಅಣು ಕೂತಾಗ ಸುಮ್ಮನಾಗುತ್ತದೆ ಎಂದು ತೋರಿಸಿದ್ದರಿಂದ ಈ ಪ್ರಶ್ನೆಗೆ ತೂಕ ಬಂದಿತ್ತು. ಇದನ್ನು ಪರೀಕ್ಷಿಸಲು ಪಾರ್ಕಿನ್ಸನ್ ಮತ್ತು ಜೆರುಸಲೇಮಿನ ಆಡಿ ವಾಕ್ನಿನ್ ತಂಡಗಳು ಘಟಕವನ್ನು ಹಾಗೇ ಉಳಿಸಿ, ಘಟಕ ಘಟಕಗಳ ನಡುವೆ ಚಿಎ ಮತ್ತು ಚಿಡಬ್ಲ್ಯು ಸೇರುವ ಬೆಸುಗೆಯನ್ನು ಮಾತ್ರ ಕೆಡಿಸಿದವು. 2016ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು. ಬೆಸುಗೆ ಬಿಟ್ಟ ಬ್ಯಾಕ್ಟೀರಿಯಾದಲ್ಲಿ ಗ್ರಾಹಿಗಳು ಚಿಎಯನ್ನು ಆಳುತ್ತಲೇ ಇದ್ದವು, ಆದರೆ ಒಗ್ಗಟ್ಟಿನ ಸ್ಪಂದನ ಹೆಚ್ಚುಕಡಿಮೆ ಮಾಯವಾಗಿತ್ತು, ಸಣ್ಣ ಏರಿಳಿತಗಳನ್ನು ಗುರುತಿಸುವ ಸೂಕ್ಷ್ಮತೆ ಕುಸಿದಿತ್ತು. ಅವು ಆಹಾರದತ್ತ ಸಾಗುವುದನ್ನು ಪೂರ್ತಿ ಬಿಡಲಿಲ್ಲ, ಸಾಗಿದ್ದು ಕಳಪೆಯಾಗಿ. ಘಟಕ ಮಾತಾಡಬಲ್ಲದು, ಕಿವಿಗೆ ಬೀಳುವಷ್ಟು ಜೋರಾಗಿ ಮಾತಾಡಲು ಜಾಲರಿ ಬೇಕು ಎಂದು ಇದನ್ನು ಓದಬಹುದು. ಆದ್ದರಿಂದ ನನ್ನ ವಾದಕ್ಕೆ ಒಂದು ತಿದ್ದುಪಡಿ ಸೇರಿಸಿಯೇ ಮುಂದೆ ಹೋಗಬೇಕು: ಗ್ರಹಿಕೆ ಒಮ್ಮೆಗೇ ಜಾಲರಿಯಲ್ಲಿ ಹುಟ್ಟುವುದಿಲ್ಲ. ಜೋಡಿ ಹಿಡಿಯುತ್ತದೆ, ಮೂವರ ತಂಡ ಆಳುತ್ತದೆ, ಜಾಲರಿ ಹಿಗ್ಗಿಸುತ್ತದೆ.

ಹಿಗ್ಗಿಸಿದರೆ ಸದ್ದಿನ ಜೊತೆ ಗದ್ದಲವೂ ಹಿಗ್ಗುವುದಿಲ್ಲವೇ ಎಂಬುದು ಭೌತಶಾಸ್ತ್ರಜ್ಞರ ಕಡೆಯ ಪ್ರಶ್ನೆ. ಹಿಗ್ಗುತ್ತದೆ. 2017ರಲ್ಲಿ ಒಂದೊಂದೇ ಕೋಶದೊಳಗಿನ ಚಿಎ ಚುರುಕನ್ನು ಅಳೆದ ಎರಡು ತಂಡಗಳು, ಹೊರಗೆ ಏನೂ ಬದಲಾಗದಿದ್ದಾಗಲೂ ಅದು ದೊಡ್ಡದಾಗಿ ಏರಿಳಿಯುತ್ತದೆ, ಆ ಏಳುಬೀಳಿನ ಒಂದು ಮೂಲ ಗ್ರಾಹಿಗಳ ಒಗ್ಗಟ್ಟಿನಲ್ಲೇ ಇದೆ ಎಂದು ಕಂಡವು. 2021ರಲ್ಲಿ ಯೇಲ್‌ನ ತಂಡವೊಂದು ಇ. ಕೋಲಿ ಆಹಾರದ ಸಾಂದ್ರತೆಯ ಸೌಮ್ಯವಾದ ಏರಿನಲ್ಲಿ ಈಜುವಾಗ ಹೊರಗಿನ ಬದಲಾವಣೆಯ ಕುರಿತು ಅದಕ್ಕೆ ಸಿಗುವ ಮಾಹಿತಿ ಬಹಳ ಬಹಳ ಕಡಿಮೆ ಎಂದು ಲೆಕ್ಕ ಹಾಕಿತು. ಹಾಗಾದರೆ ಇಷ್ಟೆಲ್ಲ ನಾಜೂಕಿನ ಹೆಣಿಗೆ ವ್ಯರ್ಥವೇ? ಅದೇ ಲೆಕ್ಕದ ಇನ್ನೊಂದು ಅರ್ಧವನ್ನು ಓದಿದರೆ ಹಾಗನ್ನಿಸುವುದಿಲ್ಲ. ದಕ್ಕಿದ ಅಷ್ಟು ಚೂರು ಮಾಹಿತಿಯಿಂದ ಏರಬಹುದಾದ ಗರಿಷ್ಠ ವೇಗದ ಅರ್ಧಕ್ಕೂ ಕಡಿಮೆಯಿಲ್ಲದ ವೇಗದಲ್ಲಿ ಆ ಬ್ಯಾಕ್ಟೀರಿಯಾ ಏರುತ್ತಿತ್ತು. ಜಾಲರಿಯ ಉಪಯೋಗ ಪರಿಪೂರ್ಣ ಅಳತೆಯಲ್ಲ. ಮುಂದಿನ ಹಂತಗಳು, ಚಿವೈ ತೇಲಾಟವೂ ಮೋಟಾರಿನ ಚಂಚಲತೆಯೂ, ತಮ್ಮ ಗದ್ದಲ ಸೇರಿಸುವ ಮೊದಲೇ ಸುದ್ದಿಯನ್ನು ದೊಡ್ಡದು ಮಾಡುವುದು. ಮೊದಲ ಹಂತದಲ್ಲಿ ಹಿಗ್ಗಿದ ಸುದ್ದಿಯನ್ನು ಮುಂದಿನ ಗದ್ದಲ ಮುಳುಗಿಸಲಾರದು.

ಉಳಿದಿರುವುದು ಇದೆಲ್ಲ ಇ. ಕೋಲಿಯೊಂದರ ವೈಶಿಷ್ಟ್ಯವೋ ಎಂಬ ಅನುಮಾನ. ಐದು ಗ್ರಾಹಿಗಳ ಇ. ಕೋಲಿ ಈ ಲೋಕದಲ್ಲಿ ಬಡವನೇ ಸರಿ. ಸ್ಯೂಡೋಮೊನಾಸ್ ಏರುಜಿನೋಸಾದಲ್ಲಿ 26 ಇವೆ. ಹೊರಭಾಗದ ಆಕಾರಗಳಲ್ಲಿ ಇರುವ ವೈವಿಧ್ಯ ದಂಗುಬಡಿಸುವಂಥದ್ದು. ಇ. ಕೋಲಿಯ ಟಾರ್ ಮತ್ತು ಟಿಎಸ್ಆರ್‌ನಲ್ಲಿರುವ ನಾಲ್ಕು ಸುರುಳಿಯ ಹೊರಕಟ್ಟು ಸರ್ವೇಸಾಮಾನ್ಯವೂ ಅಲ್ಲ. ಕ್ಯಾಶ್ ಎಂಬ ಬೇರೆಯೇ ಬಗೆಯ ಹೊರಭಾಗ ಅದಕ್ಕಿಂತ ವ್ಯಾಪಕ ಎಂದು ಇಗೋರ್ ಝುಲಿನ್ ಮತ್ತು ಸಂಗಡಿಗರು 2016ರಲ್ಲಿ ಸಾವಿರಾರು ಜೀನ್ ಸರಣಿಗಳನ್ನು ಜಾಲಾಡಿ ತೋರಿಸಿದರು. ಕೆಲವು ಗ್ರಾಹಿಗಳು ಪೊರೆಯನ್ನೇ ದಾಟದೆ ಕೋಶರಸದಲ್ಲಿಯೇ ಇರುತ್ತವೆ. ಆದರೆ ಒಳಕಾಂಡದ ಕಡೆ ಬನ್ನಿ. 2007ರಲ್ಲಿ ರೋಜರ್ ಅಲೆಕ್ಸಾಂಡರ್ ಮತ್ತು ಝುಲಿನ್ ಇಂಥ ಗ್ರಾಹಿಗಳ ಒಳಕಾಂಡಗಳನ್ನು ಸಾಲಾಗಿ ಜೋಡಿಸಿದಾಗ ಅವು ಉದ್ದದ ಪ್ರಕಾರ ಏಳು ಮುಖ್ಯ ವರ್ಗಗಳಾದವು. ವರ್ಗದಿಂದ ವರ್ಗಕ್ಕೆ ಕಾಂಡ ಉದ್ದವೋ ಗಿಡ್ಡವೋ ಆಗಿರುವುದು ಏಳೇಳು ಅಮೈನೋ ಆಮ್ಲಗಳ ತುಂಡುಗಳಲ್ಲಿ. ಏಳು ಎಂದರೆ ಹೆಣೆದ ಸುರುಳಿಯಲ್ಲಿ ವಿನ್ಯಾಸ ಮರುಕಳಿಸುವ ಅಳತೆ. ಅಷ್ಟನ್ನು ಇಡಿಯಾಗಿ ಕೂಡಿಸಿದರೆ ಅಥವಾ ಕಳೆದರೆ ಮಾತ್ರ ಹೆಣಿಗೆ ಕೆಡುವುದಿಲ್ಲ. ತೆಗೆಯುವಾಗಲೂ ಎರಡು ಎದುರುಬದುರು ಸುರುಳಿಗಳಿಂದ ಸಮನಾಗಿ ತೆಗೆಯಲಾಗಿದೆ, ಬಾಗಿದ ತುದಿಗೆ ಎರಡೂ ಕಡೆಯಿಂದ ಒಂದೇ ದೂರ ಉಳಿಯುವಂತೆ. ಆ ತುದಿಯಾದರೋ ಬ್ಯಾಕ್ಟೀರಿಯಾದಿಂದ ಆರ್ಕಿಯಾ ಎಂಬ ಬೇರೆಯೇ ಸೂಕ್ಷ್ಮಜೀವಿಗಳವರೆಗೆ ಎಲ್ಲ ವರ್ಗಗಳಲ್ಲೂ ಹೆಚ್ಚುಕಡಿಮೆ ಅಕ್ಷರಶಃ ಒಂದೇ ಆಗಿದೆ. ಹೊರತುದಿ ಕೋಟಿಗಟ್ಟಲೆ ವರ್ಷಗಳಲ್ಲಿ ಹಿಡಿಯಬೇಕಾದ ಅಣುವಿಗೆ ತಕ್ಕಂತೆ ಬದಲಾಗುತ್ತ ಹೋಗಿದೆ. ಬದಲಾಗದೆ ಉಳಿದದ್ದು ಗ್ರಾಹಿ ಗ್ರಾಹಿಯನ್ನೂ ಚಿಎ, ಚಿಡಬ್ಲ್ಯುಗಳನ್ನೂ ಮುಟ್ಟುವ ಜಾಗ.